ಕಬ್ಬಿಣಕ್ಕೆ ಹಾಕೋ ಹನಿ ಪ್ಲಾಸ್ಟಿಕ್‌ಗೆ ತಾಗಿದ್ರೆ

ಇವತ್ತು ರಾಗಿ, ತೆಂಗು, ಹಸು ಯಾವುದರ ವಿಚಾರವೂ ಅಲ್ಲ. ಬೈಕಿನ ವಿಚಾರ. ಬರಹ ಉದ್ದ ಇದೆ. ಓದೋಕೆ ಮುಂಚೆ ಒಂದು ಕೆಲಸ ಮಾಡಿ. ಈ ಎರಡು ತಿಂಗಳಲ್ಲಿ ನನ್ನ ಹತ್ರ ಬೈಕ್ ತಂದು "ಬೋಲ್ಟ್ ಸಡಿಲ ಆಗ್ತಾ ಇದೆ, ಆ ಔಷಧಿ ಒಂದ್ ಹನಿ ಹಾಕಿಕೊಡಣ್ಣ" ಅಂತ ಹಾಕಿಸಿಕೊಂಡು ಹೋದವರು ಯಾರಿದ್ದೀರೋ, ಎದ್ದು ಹೋಗಿ ಮುಂದಿನ ಮಡ್‌ಗಾರ್ಡಿನ ಬೋಲ್ಟ್ ಸುತ್ತ ಬಿರುಕು ಬಿಟ್ಟಿದೆಯಾ ನೋಡಿ. ಬಿರುಕಿದ್ರೆ ಗಾಡಿ ಓಡಿಸಬೇಡಿ. ಆಮೇಲೆ ಬಂದು ಮಿಕ್ಕಿದ್ದು ಓದಿ.

ಹೋದ ತಿಂಗಳು ಒಂದು ಬೆಳಗ್ಗೆ, ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಡೈರಿಗೆ ಹಾಲು ಹಾಕೋಕೆ ಹೊರಟಿದ್ದೆ. ಹಿಂದೆ ನಮ್ಮ ಮನೆಯವರು ಕೂತಿದ್ರು, ಮಧ್ಯ ಕ್ಯಾನು. ಕೆರೆ ಏರಿ ದಾಟಿ ಮಣ್ಣಿನ ರಸ್ತೆಗೆ ಇಳಿದಾಗ ಮುಂದೆ ಪಟ್ ಅಂತ ಒಂದು ಶಬ್ದ. ಕಲ್ಲು ಸಿಡಿದಿರಬೇಕು ಅಂದ್ಕೊಂಡೆ. ಹತ್ತು ಮಾರು ಹೋಗಿರಲಿಲ್ಲ, ಮುಂದಿನ ಚಕ್ರ ಯಾರೋ ಹಿಡಿದು ಎಳೆದ ಹಾಗೆ ಗರಗರ ಅಂತು. ಹ್ಯಾಂಡಲ್ ನನ್ನ ಕೈಲಿ ನಿಲ್ಲಲಿಲ್ಲ. ಮೂರೂ ಜನ ಬಿದ್ವಿ ಅಂತ ಹೇಳ್ತೀನಿ, ನಾವಿಬ್ಬರು ಮತ್ತೆ ಹಾಲಿನ ಕ್ಯಾನು.

ಮಡ್‌ಗಾರ್ಡಿನ ಮುಂದಿನ ಅರ್ಧ ಮುರಿದು ಟೈರ್ ಮೇಲೆ ಕೂತಿತ್ತು. ಟೈರು ಅದನ್ನ ಒಳಗೆ ಎಳೆದುಕೊಂಡು ಫೋರ್ಕಿನ ಮಧ್ಯ ಸಿಕ್ಕಿಸಿಕೊಂಡಿತ್ತು. ಹೊಂಡ ಇದ್ದ ಜಾಗ, ನಿಧಾನವಾಗಿ ಹೋಗ್ತಿದ್ದೆ, ಅದಕ್ಕೆ ಬಚಾವ್. ನನಗೆ ಅಂಗೈ ತರಚಿತು. ನಮ್ಮ ಮನೆಯವರಿಗೆ ಮಂಡಿ ಒಡೆದು ರಕ್ತ ಬಂತು, ಹದಿನೈದು ದಿನ ಕೂತು ಹಾಲು ಕರೆಯೋಕೆ ಆಗಲಿಲ್ಲ. ಹಾಲು ಅಷ್ಟೂ ಮಣ್ಣು ಪಾಲು. ಇದೇ ಸಂಜೆ ಹೊತ್ತು ಟಾರ್ ರಸ್ತೆಯಲ್ಲಿ ಆಗಿದ್ರೆ, ಹಿಂದೆ ಒಂದು ಲಾರಿ ಬರ್ತಿದ್ರೆ, ಈ ಬರಹ ಬರೆಯೋಕೆ ನಾನು ಇರ್ತಿರಲಿಲ್ಲ.

ಆ ಮಡ್‌ಗಾರ್ಡ್ ಹೊಸದು, ಹಾಕಿಸಿ ನಾಲ್ಕು ತಿಂಗಳೂ ಆಗಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಮುರಿದ ತುಂಡು ಹಿಡಿದುಕೊಂಡು ಸೀದಾ ಮೆಕ್ಯಾನಿಕ್ ಅಂಗಡಿಗೆ ಹೋದೆ. ಸಂತೆ ದಿನ, ಅಂಗಡಿ ಮುಂದೆ ಏಳೆಂಟು ಜನ ಇದ್ರು. ಎಲ್ಲರ ಎದುರಿಗೂ "ಡೂಪ್ಲಿಕೇಟ್ ಮಾಲು ಹಾಕಿ ಜನರ ಪ್ರಾಣ ತೆಗೀತೀಯಾ" ಅಂತ ಬಾಯಿಗೆ ಬಂದ ಹಾಗೆ ಬೈದೆ.

ಅವನು ನನಗಿಂತ ಚಿಕ್ಕವನು. ತಿರುಗಿ ಬೈಯಲಿಲ್ಲ. ತುಂಡು ಇಸ್ಕೊಂಡು ಬಿಸಿಲಿಗೆ ಹಿಡಿದು ನೋಡಿದ. "ಅಣ್ಣ, ಕಲ್ಲು ಹೊಡೆದು ಒಡೆದಿದ್ರೆ ಹೊಡೆದ ಜಾಗದಲ್ಲಿ ಒಡೀತಿತ್ತು. ಇದು ನೋಡಿ, ಬೋಲ್ಟ್ ತೂತಿಂದ ಶುರುವಾಗಿದೆ. ಒಂದು ತೂತಲ್ಲ, ನಾಲ್ಕೂ ತೂತಿಗೂ ಸುತ್ತ ಕೂದಲಿನಂಥ ಬಿರುಕು. ಇಲ್ಲಿಗೆ ಏನಾದ್ರೂ ಹಚ್ಚಿದ್ರಾ?" ಅಂತ ಕೇಳಿದ.

ನಾನು "ಏನೂ ಹಚ್ಚಿಲ್ಲ" ಅಂದೆ.

ಅದು ಸುಳ್ಳು. ಹೇಳುವಾಗಲೇ ನನಗೆ ನೆನಪು ಬಂದಿತ್ತು. ಅಷ್ಟು ಜನದ ಮುಂದೆ ಕೂಗಾಡಿ ಆಗಿತ್ತಲ್ಲ, ಹಿಂದಕ್ಕೆ ತಗೊಳ್ಳೋಕೆ ಮನಸ್ಸು ಬರಲಿಲ್ಲ.

ಏನು ಹಚ್ಚಿದ್ದೆ ಅಂತ ಹೇಳ್ತೀನಿ. ಟಿಲ್ಲರ್ ಇರೋರಿಗೆ ಗೊತ್ತು, ಅದರ ಅದುರಾಟಕ್ಕೆ ಎಷ್ಟು ಬಿಗಿ ಮಾಡಿದ್ರೂ ಬೋಲ್ಟ್ ಸಡಿಲ ಆಗ್ತವೆ. ಹೋದ ವರ್ಷ ಉಳುಮೆ ಮಧ್ಯದಲ್ಲಿ ಎರಡು ಸಲ ಬೋಲ್ಟ್ ಕಳಚಿ ಬಿದ್ದು ಅರ್ಧ ದಿನ ಹುಡುಕಿದ್ದೆ. ಆಗ ಹಾರ್ಡ್‌ವೇರ್ ಅಂಗಡಿಯವರು ಒಂದು ಚಿಕ್ಕ ಬಾಟಲಿ ಕೊಟ್ಟರು, ಥ್ರೆಡ್ ಲಾಕರ್, ನೀಲಿ ಬಣ್ಣದ್ದು. ಬೋಲ್ಟಿನ ಥ್ರೆಡ್‌ಗೆ ಒಂದು ಹನಿ ಹಾಕಿ ತಿರುಗಿಸಿದ್ರೆ ಮಾರನೇ ದಿನಕ್ಕೆ ಗಟ್ಟಿ. ಸ್ಪ್ಯಾನರ್ ಹಾಕಿದ್ರೆ ಬಿಚ್ಚಬಹುದು, ತಾನಾಗಿ ಬಿಚ್ಚಲ್ಲ. ಟಿಲ್ಲರ್ ಬೋಲ್ಟು ಅವತ್ತಿಂದ ಇವತ್ತಿನವರೆಗೂ ಅಲ್ಲಾಡಿಲ್ಲ.

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅಂತಾರಲ್ಲ, ನನ್ನ ಕಥೆನೂ ಅದೇ. ಕಳೆ ಕೊಚ್ಚೋ ಮಿಷನ್‌ಗೆ ಹಾಕಿದೆ, ಮೋಟರ್ ಸ್ಟ್ಯಾಂಡ್‌ಗೆ ಹಾಕಿದೆ. ಬೈಕಿನ ಮಡ್‌ಗಾರ್ಡ್ ಬೋಲ್ಟ್ ಸಡಿಲ ಆದಾಗ ಅಲ್ಲಿಗೂ ಹಾಕಿದೆ. ಬೋಲ್ಟ್ ಕಬ್ಬಿಣದ್ದು, ಅದು ಕೂರೋ ಫೋರ್ಕಿನ ತೂತೂ ಲೋಹದ್ದು, ಮಧ್ಯ ಸಿಕ್ಕಿರೋ ಮಡ್‌ಗಾರ್ಡ್ ಮಾತ್ರ ಪ್ಲಾಸ್ಟಿಕ್. ಆ ಪ್ಲಾಸ್ಟಿಕ್ ನನ್ನ ಲೆಕ್ಕಕ್ಕೇ ಬರಲಿಲ್ಲ. ಒಂದು ಹನಿ ಸಾಕು ಅಂದಿದ್ರು, ನಾನು ಮೂರು ನಾಲ್ಕು ಹನಿ ಬಿಟ್ಟೆ. ಬೋಲ್ಟ್ ತಲೆ ಕೆಳಗಿಂದ ನೀಲಿ ನೀರು ಇಳಿದು ಬಂದಿದ್ದನ್ನ ಒರೆಸಲೂ ಇಲ್ಲ. ಒಣಗಿಕೊಳ್ಳುತ್ತೆ ಬಿಡು ಅಂದ್ಕೊಂಡೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಬಾಟಲಿ ಜೊತೆ ಬಂದಿದ್ದ ಚೀಟಿ ಹುಡುಕಿ, ನಮ್ಮ ಅಪ್ಪಾಜಿ ಕನ್ನಡಕ ಹಾಕ್ಕೊಂಡು ಓದಿದೆ. ಸಣ್ಣ ಅಕ್ಷರದಲ್ಲಿ ಇತ್ತು: ಪ್ಲಾಸ್ಟಿಕ್ ಮೇಲೆ ಬಳಸಬೇಡಿ, ಬಿರುಕು ಬಿಡಬಹುದು ಅಂತ. ಕೀಟನಾಶಕದ ಬಾಟಲಿ ಚೀಟಿ ಓದಿ ಅಂತ ನಿಮಗೆಲ್ಲ ಹೇಳೋನು ನಾನೇ. ಇದನ್ನ ಒಂದು ವರ್ಷದಿಂದ ಇಟ್ಟುಕೊಂಡು ಒಂದು ಸಲವೂ ಓದಿರಲಿಲ್ಲ.

ಆದ್ರೂ ಮನಸ್ಸು ಒಪ್ಪಲಿಲ್ಲ. ಒಂದು ಹನಿಗೆ ಅಷ್ಟು ದಪ್ಪದ ಮಡ್‌ಗಾರ್ಡ್ ಮುರಿಯುತ್ತಾ? ಹೊಸ ಗೊಬ್ಬರ ಬಂದ್ರೆ ಒಂದು ಸಾಲಿಗೆ ಹಾಕಿ ಪಕ್ಕದ ಸಾಲಿಗೆ ಹಾಕದೆ ನೋಡ್ತೀವಲ್ಲ, ಹಾಗೆ ಮಾಡಿ ನೋಡಿದೆ. ಮುರಿದ ಮಡ್‌ಗಾರ್ಡಿನ ಚೆನ್ನಾಗಿರೋ ಭಾಗದಿಂದ ಗರಗಸದಲ್ಲಿ ಎರಡು ಬೆರಳಗಲದ ಪಟ್ಟಿ ಮೂರು ಕುಯ್ದೆ. ಹಳೇ ಗಾಡಿಯಿಂದ ಬಿಚ್ಚಿಟ್ಟಿದ್ದ, ಬಣ್ಣ ಹೊಡೆಯದ ಕಪ್ಪು ಪ್ಲಾಸ್ಟಿಕ್‌ನಿಂದ ಒಂದು ಪಟ್ಟಿ ಕುಯ್ದೆ.

ಮೊದಲನೇದು ಮಡ್‌ಗಾರ್ಡ್ ಪಟ್ಟಿ. ಬಿಲ್ಲಿನ ಥರ ಬಗ್ಗಿಸಿ, ಎರಡು ತುದಿಗೂ ಬೈಂಡಿಂಗ್ ವೈರ್ ಕಟ್ಟಿ, ಬೆನ್ನಿನ ಮೇಲೆ ಒಂದು ಹನಿ ಲಾಕರ್ ಹಾಕಿದೆ. ಎರಡನೇದೂ ಹಾಗೇ ಬಗ್ಗಿಸಿ ಕಟ್ಟಿದೆ, ಹನಿ ಹಾಕಲಿಲ್ಲ. ಮೂರನೇದನ್ನ ಬಗ್ಗಿಸದೆ ನೆಟ್ಟಗೆ ಇಟ್ಟು ಹನಿ ಹಾಕಿದೆ. ನಾಲ್ಕನೇದು ಕಪ್ಪು ಪಟ್ಟಿ, ಬಗ್ಗಿಸಿ ಕಟ್ಟಿ ಹನಿ ಹಾಕಿದೆ. ನಾಲ್ಕನ್ನೂ ಹಗೇವಿನ ಕಟ್ಟೆ ಮೇಲೆ ಸಾಲಾಗಿ ಇಟ್ಟೆ.

ಊಟ ಮಾಡಿ ಬರೋ ಹೊತ್ತಿಗೆ ಮೊದಲನೇ ಪಟ್ಟಿ ಮೇಲೆ, ಹನಿ ಇದ್ದ ಜಾಗದಲ್ಲೇ, ಅಡ್ಡಡ್ಡ ಬಿಳಿ ಗೆರೆ ಕಾಣಿಸ್ತು. ಬೆಳಗ್ಗೆ ನೋಡಿದ್ರೆ ಎರಡು ತುಂಡು. ನಾನು ಮುಟ್ಟೇ ಇರಲಿಲ್ಲ. ಹನಿ ಹಾಕದ ಎರಡನೇ ಬಿಲ್ಲು ಹಾಗೇ ಇತ್ತು. ನೆಟ್ಟಗಿದ್ದ ಮೂರನೇದು ಹೊಳಪು ಕಳಕೊಂಡು ಒಂದು ಕಲೆ ಬಿದ್ದಿತ್ತು ಅಷ್ಟೆ, ಬಿರುಕಿಲ್ಲ. ಕಪ್ಪು ಪಟ್ಟಿಗೆ ಏನೂ ಆಗಿರಲಿಲ್ಲ, ಹನಿ ಒದ್ದೆಯಾಗೇ ಕೂತಿತ್ತು, ಬಟ್ಟೆಯಲ್ಲಿ ಒರೆಸಿದ್ರೆ ಹೋಯ್ತು.

ಮೆಕ್ಯಾನಿಕ್ ಹೇಳಿದ್ದು ಯಾಕೆ ಸರಿ ಅಂತ ಆಗ ಅರ್ಥ ಆಯ್ತು. ಬರೀ ಹನಿಯಿಂದ ಅಲ್ಲ, ಬರೀ ಬಿಗಿಯಿಂದ ಅಲ್ಲ, ಎರಡೂ ಸೇರಿದ್ರೆ ಮುರಿಯುತ್ತೆ. ಬೋಲ್ಟ್ ತೂತಿನ ಸುತ್ತ ಪ್ಲಾಸ್ಟಿಕ್ ಯಾವಾಗಲೂ ಅದುಮಿಸಿಕೊಂಡು, ಎಳೆಸಿಕೊಂಡು ಇರುತ್ತೆ. ಅಲ್ಲಿಗೆ ಈ ದ್ರವ ಇಳಿದ್ರೆ ಸೌದೆಗೆ ಬೆಣೆ ಹೊಡೆದ ಹಾಗೆ ಒಳಗೊಳಗೇ ಸೀಳುತ್ತೆ. ಹಾಕಿದ ದಿನ ಏನೂ ಕಾಣಲ್ಲ. ಗಾಡಿ ಅದುರಿ ಅದುರಿ ಬಿರುಕು ಬೆಳೆದು, ಒಂದು ದಿನ ಹೊಂಡಕ್ಕೆ ಇಳಿದಾಗ ಪಟ್ ಅನ್ನುತ್ತೆ.

ಇನ್ನೊಂದು ವಿಷಯ, ಅದು ಯಾಕೆ ಒಣಗಲ್ಲ ಅನ್ನೋದು. ಇದು ಫೆವಿಕ್ವಿಕ್ ಥರ ಅಲ್ಲ. ಫೆವಿಕ್ವಿಕ್ ಗಾಳಿಯ ತೇವಕ್ಕೆ ಗಟ್ಟಿ ಆಗುತ್ತೆ. ಥ್ರೆಡ್ ಲಾಕರ್ ತದ್ವಿರುದ್ಧ, ಗಾಳಿ ಇರೋತನಕ ನೀರಾಗೇ ಇರುತ್ತೆ. ಗಾಳಿ ಸಿಗದ ಇಕ್ಕಟ್ಟು ಬೇಕು, ಜೊತೆಗೆ ಲೋಹ ತಾಗಬೇಕು, ಆಗ ಮಾತ್ರ ಗಟ್ಟಿ ಆಗೋದು. ಬೋಲ್ಟು ನಟ್ಟಿನ ಥ್ರೆಡ್ ಮಧ್ಯ ಎರಡೂ ಸಿಗುತ್ತೆ. ಅಮೆರಿಕದಲ್ಲಿ ರಸಾಯನಶಾಸ್ತ್ರ ಹೇಳಿಕೊಡ್ತಿದ್ದ ವೆರ್ನನ್ ಕ್ರೀಬಲ್ ಅನ್ನೋ ಮೇಷ್ಟ್ರು 1953ರಲ್ಲಿ ಇದನ್ನ ಮಾಡಿದ್ದು. ಬಾಟಲಿ ತಗೊಂಡಾಗ ಅರ್ಧದಷ್ಟು ಖಾಲಿ ಇರುತ್ತಲ್ಲ, ಅಂಗಡಿಯವನು ಮೋಸ ಮಾಡಿದ ಅಂತ ನಾನೇ ಒಂದು ಸಲ ಜಗಳಕ್ಕೆ ಹೋಗಿದ್ದೆ. ಅದು ಮೋಸ ಅಲ್ಲ. ಗಾಳಿ ಇರಲಿ ಅಂತಲೇ ಜಾಗ ಬಿಟ್ಟಿರ್ತಾರೆ, ಇಲ್ಲಾಂದ್ರೆ ಬಾಟಲಿಯಲ್ಲೇ ಗಟ್ಟಿ ಆಗಿಬಿಡುತ್ತೆ.

ಅಂದ ಮೇಲೆ ಪ್ಲಾಸ್ಟಿಕ್ ಮೇಲೆ ಬಿದ್ದಿದ್ದು ಗಟ್ಟಿ ಆಗೋ ಮಾತೇ ಇಲ್ಲ. ದಿನಗಟ್ಟಲೆ ಒದ್ದೆಯಾಗೇ ಇದ್ದು ಸಂದಿಗೆ ಇಳೀತಾ ಹೋಗುತ್ತೆ. ಬೋಲ್ಟಿಗೆ ಜಿಂಕ್ ಲೇಪನ ಇದ್ರೆ, ಇಲ್ಲ ಸ್ಟೈನ್‌ಲೆಸ್ ಸ್ಟೀಲ್ ಬೋಲ್ಟ್ ಆದ್ರೆ, ಥ್ರೆಡ್ ಒಳಗೂ ನಿಧಾನಕ್ಕೆ ಗಟ್ಟಿ ಆಗೋದು. ಅಲ್ಲಿತನಕ ಹೆಚ್ಚಾದ ದ್ರವ ಹೊರಗೆ ಜಿನುಗುತ್ತೆ. ನನ್ನ ಬೋಲ್ಟುಗಳೂ ಲೇಪನದವೇ.

ಯಾವ ಪ್ಲಾಸ್ಟಿಕ್‌ಗೆ ಭಯ, ಯಾವುದಕ್ಕೆ ಇಲ್ಲ? ಬೈಕಿನ ಪ್ಲಾಸ್ಟಿಕ್ ಭಾಗ ಬಿಚ್ಚಿ ಹಿಂದೆ ತಿರುಗಿಸಿ ನೋಡಿ. ಎಷ್ಟೋ ಭಾಗಗಳಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚು ಹಾಕಿರ್ತಾರೆ. ನನ್ನ ಮಡ್‌ಗಾರ್ಡ್ ಒಳಗೆ ಎಬಿಎಸ್ ಅಂತ ಇತ್ತು. ಬ್ರೇಕಿನ ಎಬಿಎಸ್ ಬೇರೆ, ಇದು ಪ್ಲಾಸ್ಟಿಕ್‌ನ ಜಾತಿ. ಬಣ್ಣ ಹೊಡೆದು ಹೊಳೆಯೋ ಸೈಡ್ ಪ್ಯಾನಲ್, ಡೂಮ್ ಹೆಚ್ಚಾಗಿ ಇದರಲ್ಲೇ ಮಾಡ್ತಾರೆ. ಇದಕ್ಕೆ ಲಾಕರ್ ತಾಗಬಾರದು. ಪಿಸಿ ಅಂತ ಇದ್ರೆ ಪಾಲಿಕಾರ್ಬೊನೇಟ್, ಈಗಿನ ಹೆಡ್‌ಲೈಟಿನ ಗಾಜು ಗಾಜೇ ಅಲ್ಲ, ಇದೇ. ಪಿಎಂಎಂಎ ಅಂದ್ರೆ ಅಕ್ರಿಲಿಕ್, ಹಿಂದಿನ ಕೆಂಪು ದೀಪ, ಇಂಡಿಕೇಟರ್ ಮುಚ್ಚಳದಲ್ಲಿ ಬಳಸ್ತಾರೆ. ಇವೆರಡಕ್ಕೂ ಬೇಡ. ಪಿಪಿ ಅಂತ ಇದ್ರೆ ಪಾಲಿಪ್ರೊಪಿಲೀನ್, ನನ್ನ ಕಪ್ಪು ಪಟ್ಟಿ ಅದೇ, ಅದು ತಡ್ಕೊಳ್ಳುತ್ತೆ. ನೈಲಾನ್ ಕೂಡ ಸುಮಾರಾಗಿ ತಡ್ಕೊಳ್ಳುತ್ತೆ. ಅಚ್ಚು ಕಾಣದಿದ್ರೆ ಆಗಲ್ಲ ಅಂತಲೇ ತಿಳ್ಕೊಳ್ಳಿ.

ಹಾಗಂತ ಲಾಕರ್ ಬಾಟಲಿ ತಿಪ್ಪೆಗೆ ಎಸೀಬೇಡಿ. ಲೋಹಕ್ಕೆ ಲೋಹ ಇರೋ ಕಡೆ ಅದು ಒಳ್ಳೇದೇ. ಲೆಗ್ ಗಾರ್ಡ್, ಹಿಂದಿನ ಕ್ಯಾರಿಯರ್, ಕ್ಯಾನು ನೇತು ಹಾಕೋ ಕಂಬಿ, ಸಾರಿ ಗಾರ್ಡ್, ಫುಟ್‌ರೆಸ್ಟ್ ಇಂಥವಕ್ಕೆ ಹಾಕಬಹುದು. ಬ್ರೇಕಿನ ಬೋಲ್ಟ್ ಮಾತ್ರ ನಾವು ಮುಟ್ಟೋದು ಬೇಡ, ಮೆಕ್ಯಾನಿಕ್ ಕೈಗೇ ಬಿಡಿ. ನಾನು ಈಗ ಹೀಗೆ ಮಾಡ್ತೀನಿ:

ಮೊದಲು ಹತ್ತಿರದಲ್ಲಿರೋ ಪ್ಲಾಸ್ಟಿಕ್ ಬಿಚ್ಚಿ ಪಕ್ಕಕ್ಕೆ ಇಡ್ತೀನಿ. ಬಿಚ್ಚೋಕೆ ಆಗದಿದ್ರೆ ಬಟ್ಟೆ ಮುಚ್ತೀನಿ. ಬೋಲ್ಟನ್ನ ಗಾಡಿಯಿಂದ ದೂರ ತಗೊಂಡು ಹೋಗಿ ಎಣ್ಣೆ, ಗ್ರೀಸ್ ಎಲ್ಲ ಒರೆಸಿ ಒಣಗಿಸ್ತೀನಿ, ಜಿಡ್ಡು ಇದ್ರೆ ಸರಿಯಾಗಿ ಹಿಡಿಯಲ್ಲ. ಆಮೇಲೆ ನಟ್ಟು ಕೂರೋ ಜಾಗದ ಥ್ರೆಡ್‌ಗೆ ಮಾತ್ರ ಒಂದೇ ಹನಿ. ಬಾಟಲಿಯನ್ನ ಗಾಡಿ ಮೇಲೆ ಹಿಡಿದು ಹನಿ ಬಿಡೋದೇ ಇಲ್ಲ. ಬಿಗಿ ಮಾಡಿದ ಮೇಲೆ ಹೊರಗೆ ಬಂದಿದ್ದನ್ನ ಆಗಲೇ ಒಣ ಬಟ್ಟೆಯಲ್ಲಿ ಒರೆಸ್ತೀನಿ. ಪೂರ್ತಿ ಹಿಡಿಯೋಕೆ 24 ಗಂಟೆ ಬೇಕು. ಅಷ್ಟು ಹೊತ್ತು ಬಿಟ್ಟು ಮಾರನೇ ದಿನ ಪ್ಲಾಸ್ಟಿಕ್ ವಾಪಸ್ ಕೂರಿಸ್ತೀನಿ.

ಅಕಸ್ಮಾತ್ ಪ್ಲಾಸ್ಟಿಕ್ ಮೇಲೆ ಬಿದ್ರೆ ಒರೆಸಿ, ಸೋಪಿನ ನೀರಲ್ಲಿ ತೊಳೀರಿ. ಪೆಟ್ರೋಲ್, ಥಿನ್ನರ್ ಹಾಕಿ ಉಜ್ಜಬೇಡಿ, ಎಬಿಎಸ್‌ಗೂ ಪಾಲಿಕಾರ್ಬೊನೇಟ್‌ಗೂ ಅವೂ ಶತ್ರುಗಳೇ. ಕೈಗೆ ಗ್ಲೌಸ್ ಹಾಕ್ಕೊಳ್ಳಿ. ಕೆಲವರ ಚರ್ಮಕ್ಕೆ ಇದು ಅಲರ್ಜಿ ಮಾಡುತ್ತೆ, ಅದೇ ಕೈಯಲ್ಲಿ ನಾವು ಹಾಲು ಕರೆಯೋರು.

ಬಣ್ಣದ ವಿಚಾರ. ಸಾಮಾನ್ಯವಾಗಿ ನೀಲಿ ಅಂದ್ರೆ ಸ್ಪ್ಯಾನರ್‌ನಲ್ಲಿ ಬಿಚ್ಚಬಹುದಾದದ್ದು, ಕೆಂಪು ಅಂದ್ರೆ ಗಟ್ಟಿ ಹಿಡಿಯೋದು. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರಬಹುದು, ಚೀಟಿ ಓದಿ. ಕೆಂಪು ಹಾಕಿದ ಬೋಲ್ಟ್ ಬಿಚ್ಚಬೇಕಾದ್ರೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಬೇಕಾಗುತ್ತೆ. ಎಬಿಎಸ್ ಪ್ಲಾಸ್ಟಿಕ್ ನೂರು ಡಿಗ್ರಿ ಆಸುಪಾಸಿಗೇ ಮೆತ್ತಗಾಗುತ್ತೆ. ಅಂದ್ರೆ ಬೋಲ್ಟ್ ಬಿಚ್ಚೋಕೆ ಹೋಗಿ ಗಾಡಿಯ ಮೂತಿ ಕರಗಿಸ್ತೀರಿ. ಪ್ಲಾಸ್ಟಿಕ್ ಹತ್ರ ಕೆಂಪು ಬೇಡವೇ ಬೇಡ.

ಹಾಗಾದ್ರೆ ಮಡ್‌ಗಾರ್ಡ್, ಡೂಮ್, ನಂಬರ್ ಪ್ಲೇಟ್ ಸಡಿಲ ಆಗದ ಹಾಗೆ ಹೇಗೆ ಕೂರಿಸೋದು? ಇದನ್ನ ಹೇಳಿಕೊಟ್ಟಿದ್ದು ಅದೇ ಮೆಕ್ಯಾನಿಕ್. ಹಿಂದೆ ನಟ್ಟು ಹಾಕೋ ಕಡೆ ನೈಲಾಕ್ ನಟ್ಟು ಹಾಕಿ. ಅದರ ಬಾಯಲ್ಲಿ ನೈಲಾನ್ ಬಳೆ ಇರುತ್ತೆ, ಅದೇ ಬೋಲ್ಟನ್ನ ಹಿಡ್ಕೊಳ್ಳುತ್ತೆ, ಯಾವ ಔಷಧಿಯೂ ಬೇಡ. ಬೋಲ್ಟ್ ನೇರ ಲೋಹಕ್ಕೆ ಹೋಗೋ ಕಡೆ ತಲೆ ಕೆಳಗೆ ಸ್ಪ್ರಿಂಗ್ ವಾಷರ್, ಅದರ ಕೆಳಗೆ ಅಗಲವಾದ ಚಪ್ಪಟೆ ವಾಷರ್. ಸ್ಪ್ರಿಂಗ್ ವಾಷರ್ ನೇರ ಪ್ಲಾಸ್ಟಿಕ್ ಮೇಲೆ ಕೂತ್ರೆ ಕೊರೆಯುತ್ತೆ.

ಎಲ್ಲಕ್ಕಿಂತ ಮುಖ್ಯ ಬುಷ್. ಕಂಪನಿಯಿಂದ ಬಂದಾಗ ಎಷ್ಟೋ ಗಾಡಿಗಳ ಪ್ಲಾಸ್ಟಿಕ್ ತೂತಲ್ಲಿ ಒಂದು ರಬ್ಬರ್ ಬಳೆ, ಅದರೊಳಗೆ ಪುಟ್ಟ ಕಬ್ಬಿಣದ ಕೊಳವೆ ಇರುತ್ತೆ. ಬೋಲ್ಟಿನ ಬಿಗಿ ಅಷ್ಟೂ ಆ ಕೊಳವೆ ಮೇಲೆ ಬೀಳುತ್ತೆ, ಪ್ಲಾಸ್ಟಿಕ್ ಅದುರೋಕೆ ಜಾಗ ಇರುತ್ತೆ. ಬಿಚ್ಚಿ ಹಾಕುವಾಗ ನಾವು ಅದನ್ನ ಕಳೆದುಬಿಡ್ತೀವಿ. ಆಮೇಲೆ ಎಷ್ಟು ಬಿಗಿ ಮಾಡಿದ್ರೂ ಪ್ಲಾಸ್ಟಿಕ್ಕೇ ನಲುಗೋದು, ಬೋಲ್ಟ್ ಮತ್ತೆ ಸಡಿಲ ಆಗೋದು. ನನ್ನ ಹಳೇ ಮಡ್‌ಗಾರ್ಡ್ ಬಿಚ್ಚುವಾಗ ನಾಲ್ಕು ಬುಷ್ ನಾನೇ ಕಳೆದಿದ್ದೆ. ಬೋಲ್ಟ್ ಯಾಕೆ ಸಡಿಲ ಆಗ್ತಿತ್ತು ಅನ್ನೋದು ಆಗ ಗೊತ್ತಾಯ್ತು. ರೋಗ ಒಂದು, ನಾನು ಕೊಟ್ಟ ಮದ್ದು ಇನ್ನೊಂದು.

ಮೆಕ್ಯಾನಿಕ್ ಹತ್ರ ಹೋಗೋಕೆ ನನಗೆ ಐದು ದಿನ ಹಿಡಿತು. ಮತ್ತೆ ಸಂತೆ ದಿನ ನೋಡ್ಕೊಂಡೇ ಹೋದೆ. ಜನರ ಎದುರು ಬೈದಿದ್ದೆ, ಜನರ ಎದುರೇ ಹೇಳಬೇಕಿತ್ತು. ನಾಲ್ಕು ಪಟ್ಟಿಗಳನ್ನೂ ಚೀಲದಲ್ಲಿ ತಗೊಂಡು ಹೋಗಿ ಅವನ ಮುಂದೆ ಇಟ್ಟು, "ಹಚ್ಚಿದ್ದೆ ಕಣಪ್ಪ, ಅವತ್ತು ಸುಳ್ಳು ಹೇಳಿದೆ. ನಿನ್ನ ಮಾಲಲ್ಲಿ ತಪ್ಪಿರಲಿಲ್ಲ" ಅಂದೆ. ಅವನು ತುಂಡುಗಳನ್ನ ತಿರುಗಿಸಿ ತಿರುಗಿಸಿ ನೋಡಿ, "ಅವತ್ತಿಂದ ಮೂರು ಜನ ನನ್ನ ಹತ್ರ ಮಡ್‌ಗಾರ್ಡ್ ತಗೊಳ್ಳದೆ ಪೇಟೆಗೆ ಹೋದ್ರು ಅಣ್ಣ" ಅಂದ. ಅಷ್ಟೇ ಅಂದಿದ್ದು. ಆಮೇಲೆ ಟೀ ತರಿಸಿದ. ಟೀ ಗಂಟಲಲ್ಲಿ ಇಳಿಯಲಿಲ್ಲ. ಆ ಮೂರು ಜನ ಇದನ್ನ ಓದ್ತಿದ್ರೆ, ಅವನ ಅಂಗಡಿ ಮಾಲು ಸರಿಯಾಗೇ ಇದೆ, ಕೆಟ್ಟಿದ್ದು ನನ್ನ ಕೆಲಸ.

ಈಗ ಕೊನೇ ಮಾತು. ನೆನಪು ಮಾಡ್ಕೊಂಡು ಬರೆದಿಟ್ಟಿದ್ದೀನಿ, ಒಟ್ಟು ಏಳು ಗಾಡಿಗೆ ನಾನು ಈ ಹನಿ ಹಾಕಿಕೊಟ್ಟಿದ್ದೀನಿ. ದುಡ್ಡು ತಗೊಂಡಿಲ್ಲ, ಆದ್ರೆ ನನ್ನನ್ನ ನಂಬಿ ಗಾಡಿ ಕೊಟ್ಟಿದ್ರಿ. ನಾಲ್ಕು ಗಾಡಿ ಮನೆಗೇ ಹೋಗಿ ನೋಡಿ ಬಂದೆ. ಎರಡು ಚೆನ್ನಾಗಿದ್ದವು, ಪಿಪಿ ಮಡ್‌ಗಾರ್ಡ್. ಒಂದರಲ್ಲಿ ಕಲೆ ಇತ್ತು, ತೊಳೆದು ಬುಷ್ ಹಾಕಿದ್ವಿ. ನಾಲ್ಕನೇದು ನಮ್ಮ ಭಾವನ ಮಗನದು. ದಿನಾ ಅದರಲ್ಲಿ ತಂಗಿಯನ್ನ ಕಾಲೇಜಿಗೆ ಬಿಟ್ಟು ಬರ್ತಾನೆ. ಎಡಗಡೆ ಎರಡೂ ತೂತಿಂದ ಬಿರುಕು ಹೊರಟು ಬೆರಳುದ್ದ ಬಂದಿತ್ತು, ಇನ್ನು ಸ್ವಲ್ಪಕ್ಕೆ ಒಂದಕ್ಕೊಂದು ಸೇರ್ತಿದ್ವು. ಅಲ್ಲೇ ಬಿಚ್ಚಿಸಿ, ಹೊಸ ಮಡ್‌ಗಾರ್ಡ್ ನಾನೇ ತಂದುಕೊಟ್ಟೆ.

ಇನ್ನು ಮೂರು ಗಾಡಿ ಬಾಕಿ ಇವೆ. ಯಾರದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಇಬ್ಬರಿಗೆ ಫೋನ್ ಮಾಡಿದ್ರೆ "ಏನೂ ಆಗಿಲ್ಲ ಬಿಡಣ್ಣ" ಅಂತಿದ್ದೀರಿ. ನನ್ನದಕ್ಕೂ ಬೀಳೋ ಹಿಂದಿನ ದಿನದವರೆಗೂ ಏನೂ ಆಗಿರಲಿಲ್ಲ. ಬರೋ ಭಾನುವಾರ ಡೈರಿ ಮುಗಿಸ್ಕೊಂಡು ಸೀದಾ ನಮ್ಮ ಮನೆ ಹತ್ರ ಬನ್ನಿ, ಮೆಕ್ಯಾನಿಕ್ಕೂ ಬರ್ತೀನಿ ಅಂದಿದ್ದಾನೆ. ನೈಲಾಕ್ ನಟ್ಟು, ವಾಷರ್, ಬುಷ್ ಎಲ್ಲ ತರಿಸಿಟ್ಟಿದ್ದೀನಿ. ಬಿರುಕಿದ್ರೆ ಮಡ್‌ಗಾರ್ಡ್ ಖರ್ಚು ನನ್ನದು. ಅಲ್ಲಿತನಕ ಹಿಂದೆ ಯಾರನ್ನೂ ಕೂರಿಸ್ಕೊಬೇಡಿ.